ಬೀದಿಯ ಕೊನೆಗಿಳಿಯುವ ಸೂರ್ಯ

ಸೂರ್ಯನು ಪಶ್ಚಿಮದಲ್ಲಿ ಮುಳುಗುತ್ತಾನೆಂದು ನಾವು ಮಕ್ಕಳಿಗೆ ಕಲಿಸುತ್ತೇವೆ. ಆದರೆ ಅವನು ನೇರ ಪಶ್ಚಿಮದಲ್ಲಿ ಮುಳುಗುವುದು ಮಾರ್ಚ್ ಮತ್ತು ಸೆಪ್ಟೆಂಬರಿನ ವಿಷುವ ದಿನಗಳಲ್ಲಿ ಮಾತ್ರ. ನಮ್ಮ ಕಾಸರಗೋಡಿನಲ್ಲಿ ಅಸ್ತಮಾನದ ಬಿಂದುವು ಜೂನಿನಲ್ಲಿ ಸುಮಾರು 24 ಅಂಶ ಉತ್ತರಕ್ಕೂ ಡಿಸೆಂಬರಿನಲ್ಲಿ ಅಷ್ಟೇ ದಕ್ಷಿಣಕ್ಕೂ ಸರಿಯುತ್ತದೆ. ಈ ಮೇರೆಯೊಳಗಿನ ದಿಕ್ಕಿಗೆ ಮುಖಮಾಡಿದ ಬೀದಿಯ ಕೊನೆಯಲ್ಲಿ, ಹೋಗುತ್ತ ಒಮ್ಮೆ, ಬರುತ್ತ ಒಮ್ಮೆ, ಸೂರ್ಯನು ಇಳಿದೇ ತೀರಬೇಕು.

ನ್ಯೂಯಾರ್ಕಿನ ಮ್ಯಾನ್‌ಹಟನ್ನಿನಲ್ಲಿ ಮೇ ಕೊನೆಗೂ ಜುಲೈ ನಡುವಿಗೂ ಜನರು ಬೀದಿಗಳಲ್ಲಿ ನೆರೆದು ನೋಡುವುದು ಇದನ್ನೇ. ಅಲ್ಲಿಯ ಅಡ್ಡಬೀದಿಗಳು ಪಶ್ಚಿಮದಿಂದ ಸುಮಾರು 29 ಅಂಶ ಉತ್ತರಕ್ಕೆ ವಾಲಿವೆ. ಅಂಥ ಬೀದಿ ನಮ್ಮಲ್ಲಿದ್ದರೆ ಅದರ ಕೊನೆಯಲ್ಲಿ ಸೂರ್ಯಾಸ್ತವೇ ಕಾಣದು!

ಬೆಂಗಳೂರಿನ ಗವಿಗಂಗಾಧರೇಶ್ವರ ದೇವಾಲಯದಲ್ಲಿ ಮಕರಸಂಕ್ರಾಂತಿಯ ಸಂಜೆ ನಂದಿಯ ಕೊಂಬುಗಳ ನಡುವಿನಿಂದ ಕಿರಣವು ಲಿಂಗವನ್ನು ಮುಟ್ಟುವಾಗ ಭಕ್ತರು ಕಿಕ್ಕಿರಿಯುತ್ತಾರೆ. ನವೆಂಬರ್ ಕೊನೆಯಲ್ಲಿಯೂ ಸೂರ್ಯನು ಅದೇ ದಾರಿಗೆ ಬರುತ್ತಾನೆ, ಆಗ ಹಬ್ಬವಿಲ್ಲವಷ್ಟೆ.

ನಮಗೆ ಬೇಕಲದ ಕೋಟೆಯುಂಟು, ಮುಂದೆ ಬಯಲಾದ ಕಡಲುಂಟು. ತಿಂಗಳಿಗೊಮ್ಮೆ ಮಕ್ಕಳನ್ನು ಅಲ್ಲಿ ಒಂದೇ ಕಡೆ ನಿಲ್ಲಿಸಿ, ಸೂರ್ಯನು ಮುಳುಗುವ ಬಿಂದುವನ್ನು ಕೋಟೆಗೋಡೆಯ ಗುರುತಿನೊಡನೆ ಬರೆದುಕೊಳ್ಳಹೇಳೋಣ. ಮಳೆಗಾಲದ ಮೋಡವು ಕೆಲವು ಸಂಜೆಗಳನ್ನು ಕಸಿದರೂ ಅಡ್ಡಿಯಿಲ್ಲ. ವರ್ಷ ತುಂಬುವಾಗ ಪಾಠದ ಆ ವಾಕ್ಯವನ್ನು ಅವರು ತಾವೇ ತಿದ್ದಿಕೊಂಡಿರುತ್ತಾರೆ.