1804ರ ಅಮೆರಿಕನ್ ಡಾಲರು: ನಾಣ್ಯದ ಮೇಲಿನ ಇಸವಿಯ ಪ್ರಾಮಾಣ್ಯ

ಶಾಸನದ ಕಾಲವನ್ನು ಲಿಪಿಯಿಂದಲೂ ಭಾಷೆಯಿಂದಲೂ ಪರೀಕ್ಷಿಸಿ ಕೂಟಶಾಸನಗಳನ್ನು ಬೇರ್ಪಡಿಸಲು ಕಲಿತ ನಾವು, ಸರ್ಕಾರದ ಟಂಕಸಾಲೆಯೇ ಒತ್ತಿದ ಇಸವಿಯನ್ನು ನಾಣ್ಯದ ಮೇಲೆ ಕಂಡೊಡನೆ ವಿಚಾರಣೆಯನ್ನು ಕೈಬಿಡುತ್ತೇವೆ. ಈ ವಿಶ್ವಾಸ ಎಷ್ಟರಮಟ್ಟಿಗೆ ಸಾಧುವೆಂಬುದನ್ನು ಅಮೆರಿಕದ ಒಂದು ಬೆಳ್ಳಿಯ ಡಾಲರಿನ ನಿದರ್ಶನದಿಂದ ಇಲ್ಲಿ ಪರಿಶೀಲಿಸಬಯಸುತ್ತೇವೆ.

ಅಮೆರಿಕ ಸಂಯುಕ್ತ ಸಂಸ್ಥಾನದ ನಾಣ್ಯಪದ್ಧತಿಗೆ 1792ರ ಏಪ್ರಿಲ್ 2ರ ಕಾಯಿದೆಯೇ ತಳಹದಿ. ಹತ್ತು ಡಾಲರಿನ ಚಿನ್ನದ ‘ಈಗಲ್’ ಮೊದಲ್ಗೊಂಡು ತಾಮ್ರದ ಅರ್ಧ ಸೆಂಟಿನವರೆಗೆ ಹತ್ತು ಬಗೆಯ ನಾಣ್ಯಗಳನ್ನು ಅದು ವಿಧಿಸಿತು. ಮುಂಬದಿಯಲ್ಲಿ ರಾಷ್ಟ್ರಾಧ್ಯಕ್ಷನ ಮುಖವಿರಲೆಂಬ ಸೆನೆಟಿನ ಸಲಹೆಯನ್ನು ಪ್ರತಿನಿಧಿಸಭೆ ಒಪ್ಪಲಿಲ್ಲ. ಅರಸರ ವಾಸನೆ ಗಣರಾಜ್ಯಕ್ಕೆ ಹಿಡಿಸದಿದ್ದುದು ಸಹಜವೇ. ಅದರ ಬದಲು ಸ್ವಾತಂತ್ರ್ಯವನ್ನು ಸೂಚಿಸುವ ಆಕೃತಿ, ‘ಲಿಬರ್ಟಿ’ ಎಂಬ ಪದ ಮತ್ತು ಟಂಕಿಸಿದ ಇಸವಿ ಇರತಕ್ಕದ್ದೆಂದೂ, ಚಿನ್ನ ಬೆಳ್ಳಿಗಳ ಹಿಂಬದಿಯಲ್ಲಿ ಹದ್ದಿನ ಚಿತ್ರವಿರತಕ್ಕದ್ದೆಂದೂ ನಿರ್ಧಾರವಾಯಿತು. 1909ರಲ್ಲಿ ಲಿಂಕನ್ನನ ಮುಖ ಸೆಂಟಿನ ಮೇಲೆ ಬರುವವರೆಗೆ ನಿತ್ಯ ಚಲಾವಣೆಯ ನಾಣ್ಯಗಳಲ್ಲಿ ಅಧ್ಯಕ್ಷರಾರಿಗೂ ಸ್ಥಾನ ದೊರೆಯಲಿಲ್ಲ. ಆ ಸೆಂಟಿನ ಚಲಾವಣೆಗಾಗಿ ಟಂಕಿಸುವುದೂ 2025ರಲ್ಲಿ ನಿಂತಿತು.

ಇಸವಿಯ ವಿಷಯದಲ್ಲಿ ಕಾಯಿದೆ ಒಂದು, ರೂಢಿ ಇನ್ನೊಂದು. ಉಕ್ಕಿನ ಅಚ್ಚುಗಳನ್ನು ಸಿದ್ಧಪಡಿಸುವುದು ಕಷ್ಟಸಾಧ್ಯವಾಗಿದ್ದುದರಿಂದ ಹಳೆಯ ವರ್ಷದ ಅಚ್ಚನ್ನು ಸವೆಯುವವರೆಗೂ ಬಳಸುತ್ತಿದ್ದರು. ಫಿಲಡೆಲ್ಫಿಯದ ಟಂಕಸಾಲೆಯ ಲೆಕ್ಕದಲ್ಲಿ 1804ಕ್ಕೆ 19,570 ಡಾಲರುಗಳು ನಮೂದಾಗಿವೆ. ಆದರೆ ಅವು ಹೊತ್ತದ್ದು 1803 ಅಥವಾ ಅದಕ್ಕೂ ಹಿಂದಿನ ಇಸವಿಯನ್ನು. ಡಾಲರುಗಳು ಪರದೇಶಗಳಿಗೆ ಹರಿದುಹೋಗುತ್ತಿದ್ದ ಕಾರಣ ಬಳಿಕ ಅವುಗಳ ತಯಾರಿಕೆಯನ್ನೇ ನಿಲ್ಲಿಸಲಾಯಿತು.

ಮೂವತ್ತು ವರ್ಷಗಳ ತರುವಾಯ, ಆಂಡ್ರ್ಯೂ ಜಾಕ್ಸನ್ನನ ಆಡಳಿತದಲ್ಲಿ, ಸಯಾಮಿನ ಅರಸ, ಮಸ್ಕತ್ತಿನ ಸುಲ್ತಾನ ಮೊದಲಾದವರಿಗೆ ಕಾಣಿಕೆಯಾಗಿ ಕಳುಹಿಸಲು ನಾಣ್ಯಗಳ ಪೂರ್ಣ ಸಮೂಹವೊಂದು ಬೇಕಾಯಿತು. ಡಾಲರು ಕಡೆಯ ಬಾರಿ ತಯಾರಾದ ವರ್ಷವನ್ನು ಅಧಿಕಾರಿಗಳು ದಫ್ತರದಲ್ಲಿ ಹುಡುಕಿದರು, ಸಿಕ್ಕಿದ್ದು 1804. ಆ ಇಸವಿಯನ್ನೇ ಕೊರೆದು ಹೊಸ ಅಚ್ಚು ಮಾಡಿದರು. ಮೋಸದ ಉದ್ದೇಶ ಇಲ್ಲಿ ಇತ್ತೆಂದು ನಮಗೆ ತೋರುವುದಿಲ್ಲ. ದಫ್ತರದ ಅಂಕಿಯನ್ನು ಅಕ್ಷರಶಃ ನಂಬಿದುದರ ಫಲವಿದು. ಆದರೆ ನಾಣ್ಯದ ಮೈಯೇ ಸಾಕ್ಷಿ ಹೇಳುತ್ತದೆ. ಅಂಚಿನ ಸುತ್ತ ಎದ್ದುನಿಂತ ಮಣಿಸಾಲು 1804ರ ಯಂತ್ರಗಳಿಂದ ಮೂಡತಕ್ಕದ್ದಲ್ಲ; ಅದು 1828ರಿಂದೀಚೆಗೆ ಬಳಕೆಗೆ ಬಂದ ವಿಧಾನಕ್ಕೆ ಸೇರಿದುದು. ಎರಿಕ್ ನ್ಯೂಮನ್ ಮತ್ತು ಕೆನೆತ್ ಬ್ರೆಸೆಟ್ ಎಂಬ ವಿದ್ವಾಂಸರು 1962ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ವಿಚಾರವನ್ನು ವಿಶದವಾಗಿ ಸ್ಥಾಪಿಸಿದರು. ಸಯಾಮಿಗೆ ಹೋಗಿದ್ದ ಸಮೂಹವೂ ಅದೇ ವರ್ಷ ಬೆಳಕಿಗೆ ಬಂದಿತು.

ಕಾಣಿಕೆಯ ಈ ವರ್ಗದವು ಎಂಟು ಮಾತ್ರ ಉಳಿದಿವೆ. ಇಸವಿ ಹುಸಿಯೆಂದು ತಿಳಿದ ಮೇಲೆ ಬೆಲೆ ಕುಸಿಯಬೇಕಾಗಿತ್ತೆಂದು ವಾಚಕರು ಊಹಿಸಬಹುದು. ನಡೆದದ್ದು ಬೇರೆ. ಮಸ್ಕತ್ತಿನ ಸುಲ್ತಾನನದೆಂದು ಹೆಸರಾದ ನಾಣ್ಯ 1999ರ ಹರಾಜಿನಲ್ಲಿ 41,40,000 ಡಾಲರುಗಳಿಗೂ, 2021ರಲ್ಲಿ 76,80,000 ಡಾಲರುಗಳಿಗೂ ಮಾರಾಟವಾಯಿತು. ಸಂತೆಯಲ್ಲಿ ನಿಜವಾಗಿ ಕೈಯಿಂದ ಕೈಗೆ ಸಾಗಿದ 1803ರ ಡಾಲರು ಈ ಬೆಲೆಯ ಹತ್ತಿರಕ್ಕೂ ಬಾರದು. ಸಂಗ್ರಾಹಕನು ಹಣ ತೆರುವುದು ವಿರಳತೆಗೆ ಮತ್ತು ಪೂರ್ವಕಥೆಗೆ. ಪ್ರಾಚೀನತೆಯೇ ಬೆಲೆಯೆಂಬ ಜನಸಾಮಾನ್ಯರ ಎಣಿಕೆ ಇಲ್ಲಿ ನಿಲ್ಲುವುದಿಲ್ಲ.

ಸಂಗ್ರಾಹಕರ ಹಂಬಲವನ್ನು ಕಂಡು ಟಂಕಸಾಲೆಯ ಕೆಲವು ನೌಕರರು 1858ರ ಸುಮಾರಿಗೆ ಇದೇ ಇಸವಿಯ ಡಾಲರುಗಳನ್ನು ಗುಟ್ಟಾಗಿ ಮತ್ತೆ ಒತ್ತಿದರು. ಇದನ್ನು ಮಾತ್ರ ವಂಚನೆಯೆಂದೇ ಕರೆಯಬೇಕು. ಅವುಗಳಲ್ಲೊಂದನ್ನು ಸ್ವಿಟ್ಜರ್ಲೆಂಡಿನ ಬರ್ನ್ ಪ್ರಾಂತದ 1857ರ ಬೆಳ್ಳಿ ನಾಣ್ಯದ ಮೇಲೆಯೇ ಒತ್ತಲಾಗಿದ್ದು, ಹಳೆಯ ಮುದ್ರೆಯ ಗುರುತುಗಳು ಅದರಲ್ಲಿ ಉಳಿದುಬಿಟ್ಟಿವೆ. ಅದು ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಸಂಸ್ಥೆಯ ಸಂಗ್ರಹದಲ್ಲಿದೆ.