ಮೂರು ಹಾಳೆಯ ನಿಲುವು

ಹೊಸಪೇಟೆಯಿಂದ ಕೊಪ್ಪಳದ ಕಡೆಗೆ ಸಾಗುವ ಹೆದ್ದಾರಿಯಲ್ಲಿ ಗಿಣಿಗೇರಾ ಸಮೀಪಿಸುತ್ತಿದ್ದಂತೆ ಪ್ರಯಾಣಿಕನ ಕಣ್ಣಿಗೆ ಮೊದಲು ಬೀಳುವುದು ಊರಲ್ಲ, ಚಿಮಣಿಗಳು. ಒಂದು ಮಗ್ಗುಲಿಗೆ ತುಂಗಭದ್ರೆಯ ಜಲಾಶಯ, ಇನ್ನೊಂದು ಕಡೆ ಹುಬ್ಬಳ್ಳಿ-ಗುಂತಕಲ್ ರೈಲುಮಾರ್ಗ, ನದಿಯಾಚೆ ಬಳ್ಳಾರಿ-ಸಂಡೂರಿನ ಅದಿರು. ಈ ಮೂರೂ ಕೂಡಿದ ಮೇಲೆ 1990ರ ದಶಕದಿಂದೀಚೆಗೆ ಇಲ್ಲಿ ಕಬ್ಬಿಣ-ಉಕ್ಕಿನ ಕಾರ್ಖಾನೆಗಳು ತಲೆಯೆತ್ತಿದುದರಲ್ಲಿ ಆಶ್ಚರ್ಯವೇನೂ ಇಲ್ಲ. ನಮ್ಮ ಕಥೋಲಿಕ ಕುಟುಂಬಗಳಲ್ಲಿ ಕೆಲವು ಆ ಕಾರ್ಖಾನೆಗಳ ಅನ್ನವನ್ನೇ ಉಣ್ಣುತ್ತಿವೆ. ಇನ್ನು ಕೆಲವು ಅವುಗಳ ಧೂಳನ್ನು ಉಸಿರಾಡುತ್ತಿವೆ. ಹೆಚ್ಚಿನವು ಎರಡನ್ನೂ ಮಾಡುತ್ತಿವೆ.

ಕೆಲವು ವರ್ಷಗಳ ಹಿಂದೆ ಒಂದು ಭಾನುವಾರ ಬಲಿಪೂಜೆ ಮುಗಿದ ಬಳಿಕ ಯುವಕನೊಬ್ಬ ಹನ್ನೊಂದು ಹಾಳೆಗಳ ಬರಹವೊಂದನ್ನು ನಮ್ಮ ಕೈಗಿತ್ತನು. ಸಮೀಪದ ಕಾರ್ಖಾನೆಯೊಂದರ ವಿಸ್ತರಣೆಗಾಗಿ ಸಾರ್ವಜನಿಕ ಅಹವಾಲು ಸಭೆಯ ಪ್ರಕಟಣೆ ಹೊರಬಿದ್ದಿತ್ತು. ಆ ಸಭೆಯಲ್ಲಿ ಸಲ್ಲಿಸಲು ತಾನು ಬರೆದುದನ್ನು ತಿದ್ದಿಕೊಡಬೇಕೆಂದು ಆತನ ಕೋರಿಕೆ. ಓದಿದೆವು. ಆರಂಭದಲ್ಲಿ ಭೂಮಿತಾಯಿಯ ಅಳಲು, ನಡುವೆ ಬಂಡವಾಳಶಾಹಿಯ ಖಂಡನೆ, ಏಳನೆಯ ಹಾಳೆಯಲ್ಲಿ ಭೋಪಾಲ ದುರಂತ, ಕೊನೆಗೆ ಎಚ್ಚರಿಕೆ. ಕಾರ್ಖಾನೆಯ ಹೆಸರು ಬಂದುದು ಒಂಬತ್ತನೆಯ ಹಾಳೆಯಲ್ಲಿ. ಸರ್ಕಾರ ಏನು ಮಾಡಬೇಕೆಂಬುದು ಎಲ್ಲಿಯೂ ಇರಲಿಲ್ಲ.

ನಗುವ ಅಧಿಕಾರ ನಮಗಿರಲಿಲ್ಲ. ಅದಕ್ಕೂ ಬಹಳ ಮೊದಲು ನಾವೇ ಒಮ್ಮೆ ಕುಡಿಯುವ ನೀರಿನ ವಿಚಾರವಾಗಿ ಕಚೇರಿಯೊಂದಕ್ಕೆ ಬರಹವೊಂದನ್ನು ಒಪ್ಪಿಸಿದ್ದೆವು. ಗುರುಮಠದಲ್ಲಿ ಕಲಿತ ತತ್ತ್ವಶಾಸ್ತ್ರವನ್ನೆಲ್ಲ ಅದರಲ್ಲಿ ಸುರಿದಿದ್ದೆವು. ಸಾಮಾನ್ಯ ಹಿತವೆಂದರೇನು, ನ್ಯಾಯ ಎಷ್ಟು ಬಗೆ ಎಂಬುದೆಲ್ಲ ಇತ್ತು. ಅಲ್ಲಿನ ಅಧಿಕಾರಿ ಎರಡು ಹಾಳೆ ತಿರುವಿ, "ಫಾದರ್, ಬಹಳ ಚೆನ್ನಾಗಿ ಬರೆದಿದ್ದೀರಿ. ಯಾವ ಓಣಿಗೆ ನೀರಿಲ್ಲ?" ಎಂದು ಕೇಳಿದರು. ಆ ಪ್ರಶ್ನೆಗೆ ನಮ್ಮ ಬರಹದಲ್ಲಿ ಉತ್ತರವಿರಲಿಲ್ಲ.

ನಮ್ಮ ಜನ ಅರ್ಜಿ ಬರೆಯಬಲ್ಲರು. ಅರ್ಜಿಯೆಂದರೆ ಕೈಯೊಡ್ಡುವುದು, ಕೊಡುವವನ ಕೃಪೆ ಅದರ ಆಧಾರ. ಶಾಲೆಯಲ್ಲಿ ಕಲಿತ ಪ್ರಬಂಧವನ್ನೂ ಬರೆಯಬಲ್ಲರು. ಅದರಲ್ಲಿ ಯಾರೂ ಏನನ್ನೂ ತೀರ್ಮಾನಿಸಬೇಕಾಗಿಲ್ಲ. ನಿಲುವು ಪತ್ರ ಇವೆರಡೂ ಅಲ್ಲ. ಇಂಥ ವಿಷಯದಲ್ಲಿ ನಾವು ಇಲ್ಲಿ ನಿಂತಿದ್ದೇವೆ, ಇಂಥ ಕಾರಣಗಳಿಗಾಗಿ ನಿಂತಿದ್ದೇವೆ, ನೀವು ಇಂಥದನ್ನು ಮಾಡತಕ್ಕದ್ದು ಎಂದು ತೀರ್ಮಾನಿಸುವವನ ಮುಂದಿಡುವ ಬರಹವದು. ಓದುವವನು ನಮ್ಮ ಪಕ್ಷದವನಲ್ಲ ಎಂಬ ಎಚ್ಚರದಿಂದಲೇ ಅದು ಹುಟ್ಟಬೇಕು. ಈಗಾಗಲೇ ಒಪ್ಪಿದವರನ್ನು ಒಪ್ಪಿಸಲು ಹನ್ನೊಂದು ಹಾಳೆ ಬೇಕಿಲ್ಲ, ಒಂದು ಘೋಷಣೆ ಸಾಕು.

ಆ ವಾರದ ಸಂಜೆಗಳಲ್ಲಿ ಧರ್ಮಕೇಂದ್ರದ ಕೋಣೆಯಲ್ಲಿ ಏಳೆಂಟು ಮಂದಿ ಕಲೆತರು. ಮೊದಲ ಸಂಜೆಯೇ ಬಿರುಕು ಕಾಣಿಸಿತು. ಯುವಕನ ತಂದೆ ಅದೇ ಸೀಮೆಯ ಕಾರ್ಖಾನೆಯೊಂದರಲ್ಲಿ ಹಲವು ವರ್ಷಗಳಿಂದ ಗುತ್ತಿಗೆ ಕೆಲಸಗಾರ. "ಕಾರ್ಖಾನೆ ಮುಚ್ಚರಿ ಅಂತ ಬರದೀಯಲ್ಲಪಾ, ನಿನ್ನ ಕಾಲೇಜಿನ ಫೀ ಎಲ್ಲಿಂದ ಬಂತು?" ಎಂದು ಅವರು ಎಲ್ಲರೆದುರಿಗೆ ಕೇಳಿದರು. ಮಗ ಉತ್ತರಿಸಲಿಲ್ಲ. ತಾಯಿ ನೆಲ ನೋಡುತ್ತ ಕುಳಿತರು. ಆಕೆಗೆ ಉಬ್ಬಸವಿರುವುದು ನಮಗೆಲ್ಲ ತಿಳಿದ ಸಂಗತಿ. ಈ ಕೋಣೆಯೊಳಗಿನ ಪ್ರಶ್ನೆಗೆ ಉತ್ತರಿಸದ ಬರಹ ಅಹವಾಲು ಸಭೆಯಲ್ಲಿ ನಿಲ್ಲಲಾರದೆಂದು ನಮಗೆ ಆಗಲೇ ಹೊಳೆಯಿತು.

ನಮಗೆ ತಿಳಿದ ವಿಧಾನ ಒಂದೇ. ಸಂತ ತೋಮಸ್ ಅಕ್ವೀನಾಸರು ತಮ್ಮ ದೈವಶಾಸ್ತ್ರದ ಮಹಾಗ್ರಂಥದಲ್ಲಿ ಯಾವ ಪ್ರಶ್ನೆಯನ್ನೆತ್ತಿಕೊಂಡರೂ ಮೊದಲು ಬರೆಯುವುದು ತಮಗೆ ವಿರುದ್ಧವಾದ ವಾದಗಳನ್ನು. ದೇವರಿದ್ದಾನೆಯೇ ಎಂಬ ಪ್ರಶ್ನೆಯಲ್ಲಿಯೂ ಅಷ್ಟೆ: ಇಲ್ಲವೆಂದು ತೋರುತ್ತದೆ ಎಂದೇ ಆರಂಭ. ಅನಂತವಾದ ಒಳಿತು ಇದ್ದಿದ್ದರೆ ಕೆಡುಕು ಇರಬಾರದಿತ್ತು, ಆದರೆ ಇದೆ. ಲೋಕವ್ಯಾಪಾರವನ್ನೆಲ್ಲ ಪ್ರಕೃತಿ ಮತ್ತು ಮಾನವಬುದ್ಧಿಗಳಿಂದಲೇ ವಿವರಿಸಬಹುದಾದ್ದರಿಂದ ಬೇರೆ ಕಾರಣ ಬೇಕಿಲ್ಲ. ಈ ಎರಡು ಆಕ್ಷೇಪಣೆಗಳನ್ನು ಇಟ್ಟ ಬಳಿಕವೇ ಅವರ ಉತ್ತರ. ಕಡೆಯಲ್ಲಿ ಒಂದೊಂದು ಆಕ್ಷೇಪಣೆಗೂ ಪ್ರತ್ಯೇಕ ಸಮಾಧಾನ. ಇದನ್ನು ಪರದೇಶದ ವಿದ್ಯೆಯೆಂದು ಭಾವಿಸಬೇಕಾಗಿಲ್ಲ. ನಮ್ಮ ನಾಡಿನ ಶಾಸ್ತ್ರಕಾರರು ಪೂರ್ವಪಕ್ಷವನ್ನು ಮಂಡಿಸದೆ ಸಿದ್ಧಾಂತವನ್ನು ಹೇಳುತ್ತಿರಲಿಲ್ಲ. ಕಲ್ಯಾಣದ ಚಾಲುಕ್ಯ ದೊರೆ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನದ ಹೆಸರೇ ಮಿತಾಕ್ಷರಾ. ಅಳೆದ ಅಕ್ಷರಗಳದ್ದು ಎಂದರ್ಥ. ಶತಮಾನಗಳ ಕಾಲ ಭಾರತದ ನ್ಯಾಯಾಲಯಗಳು ಆಧರಿಸಿದ ಗ್ರಂಥಕ್ಕೆ ಆ ಹೆಸರು! ಹನ್ನೊಂದು ಹಾಳೆಯ ನಮ್ಮ ಯುವಕನಿಗೆ ಇದನ್ನು ಹೇಳಿದಾಗ ಅವನು ನಕ್ಕನು.

ಆದ್ದರಿಂದ ಎರಡನೆಯ ಸಂಜೆ ಕಾರ್ಖಾನೆಯ ಪರವಾದ ವಾದವನ್ನು ಬರೆಯುವ ಕೆಲಸವನ್ನು ಮಗನಿಗೇ ಒಪ್ಪಿಸಿದೆವು. ತಂದೆ ಹೇಳಬೇಕು, ಮಗ ಬರೆಯಬೇಕು. ಮಳೆಯನ್ನೇ ನಂಬಿದ ಎರೆಭೂಮಿಯಲ್ಲಿ ಬರಗಾಲ ಬಂದಾಗ ದುಡಿಯಲು ಗೋವಾಕ್ಕೂ ಮಂಗಳೂರಿಗೂ ಹೋಗುತ್ತಿದ್ದ ಮನೆಗಳು ಊರಲ್ಲೇ ಉಳಿದವು. ತಿಂಗಳಿಗೊಮ್ಮೆ ಕೈಗೆ ಬರುವ ಹಣ ಹೊಲದಿಂದ ಬಾರದು. ಹೊಗೆಯ ಧೂಳನ್ನು ಹಿಡಿಯುವ ಯಂತ್ರಗಳು ಇವೆ, ಅವು ಸರಿಯಾಗಿ ನಡೆದರೆ ಧೂಳು ನಿಜವಾಗಿಯೂ ಕಡಿಮೆಯಾಗುತ್ತದೆ. ಈ ಕೊನೆಯ ಮಾತನ್ನು ಹೇಳಿದ ತಂದೆ ಕ್ಷಣ ನಿಂತು, "ನಡೆದರ," ಎಂದು ಮತ್ತೊಮ್ಮೆ ಹೇಳಿದರು. ಇಡೀ ಬರಹದ ತಿರುಳು ಆ ಒಂದು ಪದದಲ್ಲಿ ಸಿಕ್ಕಿತು. ಎದುರು ಪಕ್ಷವನ್ನು ಪ್ರಾಮಾಣಿಕವಾಗಿ ಬರೆಯದೆ ಹೋಗಿದ್ದರೆ ಅದು ಎಂದಿಗೂ ನಮಗೆ ಸಿಕ್ಕುತ್ತಿರಲಿಲ್ಲ.

ಮುಂದಿನದು ಆಧಾರದ ಪ್ರಶ್ನೆ. "ಫಾದರ್, ದಿನಾ ಮಾಳಿಗಿ ಮ್ಯಾಲ ಕರಿ ಧೂಳ ಬೀಳತೈತಿ. ಅಂಗೈ ಹುಣ್ಣಿಗೆ ಕನ್ನಡಿ ಯಾಕ್ರಿ?" ಎಂದರು ಒಬ್ಬ ತಾಯಿ. ಗಾದೆ ನಿಜ. ಆದರೆ ತೀರ್ಮಾನಿಸುವವರು ಕೂರುವುದು ಬೆಂಗಳೂರಿನಲ್ಲಿ, ದಿಲ್ಲಿಯಲ್ಲಿ. ನಮ್ಮ ಅಂಗೈ ಅವರ ಮುಂದಿಲ್ಲವಾದ ಕಾರಣ ಅವರಿಗೆ ಕನ್ನಡಿಯೇ ಬೇಕು.

ಕನ್ನಡಿ ದೊರೆತುದು ಅದೇ ತಾಯಿಯ ಮನೆಯ ಗೋಡೆಯ ಮೇಲೆ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲಿ, ಒಣಹಾಕಿದ ಬಟ್ಟೆಯನ್ನು ಬೆಳಗ್ಗೆ ಮರಳಿ ಒಗೆಯಬೇಕಾದ ದಿನಗಳಿಗೆ ಆಕೆ ಗುಂಡಗೆ ಗುರುತು ಹಾಕುತ್ತ ಬಂದಿದ್ದರು. ಸಾಬೂನಿನ ಖರ್ಚು ಏಕೆ ಹೆಚ್ಚಿತೆಂದು ಗಂಡನಿಗೆ ತೋರಿಸಲು. ಅತ್ತ ಯುವಕನು ಜಿಲ್ಲಾಧಿಕಾರಿಗಳ ಕಚೇರಿಗೆ ಹೋಗಿ ಕಂಪನಿಯ ಪರಿಸರ ಪರಿಣಾಮ ವರದಿಯ ಕರಡನ್ನು ಎರಡು ದಿನ ಕುಳಿತು ಓದಿಬಂದನು. 2006ರ ಸೆಪ್ಟೆಂಬರ್ 14ರ ಕೇಂದ್ರ ಅಧಿಸೂಚನೆಯ ಪ್ರಕಾರ ಆ ಕರಡನ್ನು ಜನರು ನೋಡಲು ಇಡಲೇಬೇಕು. ಅದರ ಸಾರಾಂಶ ಸ್ಥಳೀಯ ಭಾಷೆಯಲ್ಲಿಯೂ ಇರಬೇಕು. ಅಹವಾಲು ಸಭೆಗೆ ಕನಿಷ್ಠ 30 ದಿನ ಮುಂಚಿತವಾಗಿ ಪ್ರಕಟಣೆ ನೀಡಬೇಕು. ವರದಿಯ ಕೋಷ್ಟಕಗಳಲ್ಲಿ ಗಾಳಿಯ ಧೂಳಿನ ಅಳತೆಗಳೆಲ್ಲ ಮಿತಿಯೊಳಗಿದ್ದವು. 2009ರಲ್ಲಿ ಪ್ರಕಟವಾದ ರಾಷ್ಟ್ರೀಯ ಮಾನದಂಡದಂತೆ, ಹತ್ತು ಮೈಕ್ರಾನಿಗಿಂತ ಚಿಕ್ಕ ಧೂಳು ಒಂದು ಘನ ಮೀಟರ್ ಗಾಳಿಯಲ್ಲಿ 24 ಗಂಟೆಗಳ ಸರಾಸರಿಯಾಗಿ 100 ಮೈಕ್ರೋಗ್ರಾಂ ಮೀರಕೂಡದು.

ಹಾಗಾದರೆ ಸುಳ್ಳು ಯಾರದು, ಕೋಷ್ಟಕದ್ದೋ ಕ್ಯಾಲೆಂಡರಿನದ್ದೋ? ಯುವಕನು ಕೋಷ್ಟಕ ಸುಳ್ಳೆಂದು ಬರೆಯಲು ಹೊರಟಿದ್ದನು, ನಾವು ತಡೆದೆವು. ಎರಡೂ ಸತ್ಯವಾಗಿರಬಹುದು. ಸರಾಸರಿಯೆಂಬುದು ಹಗಲು ರಾತ್ರಿಗಳನ್ನು ಒಂದೇ ಪಾತ್ರೆಗೆ ಸುರಿದು ಕಲಸುತ್ತದೆ. ರಾತ್ರಿಯ ಮೂರು ನಾಲ್ಕು ಗಂಟೆ ಧೂಳು ಸುರಿದು ಉಳಿದ ಹೊತ್ತು ಗಾಳಿ ತಿಳಿಯಾಗಿದ್ದರೆ ಲೆಕ್ಕ ಮಿತಿಯೊಳಗೇ ಬಂದೀತು. ಆ ತಾಯಿಯ ಗುರುತುಗಳು ಇದ್ದುದು ಬೆಳಗಿನ ಬಟ್ಟೆಯ ಮೇಲೆ, ಅಂದರೆ ರಾತ್ರಿಯ ಧೂಳಿನ ಮೇಲೆ. ಆದುದರಿಂದ ಆರೋಪಕ್ಕೆ ಬದಲು ಒಂದು ಪ್ರಶ್ನೆಯನ್ನು ಬರೆಸಿದೆವು: ರಾತ್ರಿಯ ಗಂಟೆವಾರು ಅಳತೆ ಎಲ್ಲಿದೆ? ಅಂಥ ಅಳತೆ ಅಸಾಧ್ಯವೇನಲ್ಲ. ಹೆಚ್ಚು ಮಾಲಿನ್ಯದ 17 ಬಗೆಯ ಉದ್ಯಮಗಳು ಚಿಮಣಿಯಲ್ಲಿ ಸತತವಾಗಿ ಅಳೆಯುವ ಯಂತ್ರಗಳನ್ನು ಕೂಡಿಸಬೇಕೆಂದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ 2014ರಲ್ಲೇ ನಿರ್ದೇಶಿಸಿದೆ, ಕಬ್ಬಿಣ-ಉಕ್ಕು ಆ ಪಟ್ಟಿಯಲ್ಲಿದೆ. ಆರೋಪವನ್ನು ಅಲ್ಲಗಳೆಯಬಹುದು; ಇಂಥ ಪ್ರಶ್ನೆಗೆ ಉತ್ತರ ಕೊಡಬೇಕಾಗುತ್ತದೆ.

ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಿದೆವು. ಕರ್ನಾಟಕದ ನಿಯಮದಂತೆ ಅಂಥ ಅರ್ಜಿ ಒಂದೇ ವಿಷಯದ ಮೇಲಿದ್ದು 150 ಪದಗಳೊಳಗಿರಬೇಕು. ಈ ನಿಯಮವನ್ನು ಹಲವರು ದೂರುತ್ತಾರೆ. ಬರವಣಿಗೆ ಕಲಿಸುವ ಮೇಷ್ಟರಾಗಿ ನಮಗದು ಅಷ್ಟೇನೂ ಕೆಟ್ಟದ್ದೆನಿಸಲಿಲ್ಲ. ಆದರೆ ಉತ್ತರಕ್ಕೆ ಕೊಟ್ಟ ಗಡುವೂ 30 ದಿನ, ಸಭೆಯ ಪ್ರಕಟಣೆಯ ಅವಧಿಯೂ 30 ದಿನ. ಉತ್ತರ ಬಂದುದು ಸಭೆ ಮುಗಿದ ಮೇಲೆ. ಪ್ರಕಟಣೆಗಾಗಿ ಕಾಯದೆ ಕಾಗದಗಳನ್ನು ಮೊದಲೇ ಸಂಗ್ರಹಿಸಿಡುವವರು ಬುದ್ಧಿವಂತರು.

ಕಡೆಯಲ್ಲಿ ಉಳಿದುದು ಅತಿ ಕಠಿಣವಾದ ಭಾಗ: ನಾವು ಕೇಳುವುದೇನು? ಮಗನ ಪ್ರಕಾರ ಕಾರ್ಖಾನೆ ಮುಚ್ಚಬೇಕು, ತಂದೆಯ ಪ್ರಕಾರ ಧೂಳು ಕಡಿಮೆಯಾಗಬೇಕು. ಇವೆರಡರ ನಡುವೆ ಸಿಹಿಮಾತಿನ ಸಂಧಾನ ಮಾಡಿ ಸೂಕ್ತ ಕ್ರಮ ಕೈಗೊಳ್ಳಬೇಕೆಂದು ಬರೆಯುವುದು ಬಹು ಸುಲಭ. ಸೂಕ್ತ ಕ್ರಮ ಎಂಬ ಪದಗಳನ್ನು ನಾವು ಆ ಕೋಣೆಯಿಂದಲೇ ಬಹಿಷ್ಕರಿಸಿದೆವು. ಅದನ್ನು ಕೊಟ್ಟೆನೆಂದು ಯಾರು ಬೇಕಾದರೂ ಹೇಳಬಹುದು, ಕೊಡಲಿಲ್ಲವೆಂದು ಯಾರೂ ಸಾಧಿಸಲಾರರು. ನಮ್ಮ ಸೀಮೆಯವರಿಗೆ ಇದರಲ್ಲಿ ಒಂದು ದೊಡ್ಡ ನಿದರ್ಶನವಿದೆ. ನಮ್ಮ ಭಾಗ ಹಿಂದುಳಿದಿದೆಯೆಂಬ ಗೋಳು ದಶಕಗಳಿಂದಲೂ ಇತ್ತು. ಡಾ. ಡಿ. ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ರಾಜ್ಯದ 114 ತಾಲ್ಲೂಕುಗಳನ್ನು ಹಿಂದುಳಿದವೆಂದು ಗುರುತಿಸಿ, ಅವುಗಳಲ್ಲಿ 39ನ್ನು ಅತ್ಯಂತ ಹಿಂದುಳಿದವೆಂದು ವರ್ಗೀಕರಿಸಿದಾಗ ಗೋಳಿಗೆ ಅಂಕಿಯ ಬೆನ್ನೆಲುಬು ಬಂದಿತು. ಕುಷ್ಟಗಿ, ಯಲಬುರ್ಗಾಗಳು ಆ 39ರಲ್ಲಿದ್ದವು. ಬೇಡಿಕೆಗೂ ಸ್ಪಷ್ಟವಾದ ಹೆಸರಿತ್ತು: ಸಂವಿಧಾನದ 371ನೆಯ ವಿಧಿಯಡಿ ವಿಶೇಷ ಸ್ಥಾನಮಾನ. ವೈಜನಾಥ ಪಾಟೀಲರಂಥವರು ಅದೊಂದನ್ನೇ ಹಿಡಿದು ಬಿಡದೆ ಹೋರಾಡಿದರು. 2012ರಲ್ಲಿ ಸಂಸತ್ತು ಸಂವಿಧಾನಕ್ಕೆ ತಿದ್ದುಪಡಿ ಮಾಡಿ 371(ಜೆ) ವಿಧಿಯನ್ನು ಸೇರಿಸಿತು.

ಮೂರು ಸಂಜೆಗಳ ವಾಗ್ವಾದದ ಬಳಿಕ ನಮ್ಮ ಗುಂಪಿನ ನಿಲುವು ಹೀಗೆ ನಿಂತಿತು: ಈಗಿರುವ ಘಟಕಗಳ ರಾತ್ರಿಯ ಗಂಟೆವಾರು ಅಳತೆಗಳನ್ನು ಗ್ರಾಮ ಪಂಚಾಯಿತಿಯ ಫಲಕದಲ್ಲಿ ದಿನವೂ ಪ್ರಕಟಿಸಬೇಕು, ಒಂದು ವರ್ಷ ಕಾಲ ಅವು ಮಿತಿಯೊಳಗಿರುವುದು ಸಾಬೀತಾಗುವವರೆಗೆ ವಿಸ್ತರಣೆಗೆ ಅನುಮತಿ ನೀಡಬಾರದು. ಇದು ಸಾಲದೆನ್ನುವವರು ಅಂದೂ ಇದ್ದರು, ಇಂದೂ ಇದ್ದಾರೆ. 2025ರ ಫೆಬ್ರುವರಿ 24ರಂದು ಇನ್ನೊಂದು ಉಕ್ಕಿನ ಕಾರ್ಖಾನೆಯ ವಿಸ್ತರಣೆಯನ್ನು ವಿರೋಧಿಸಿ ಗವಿಮಠದ ಶ್ರೀಗಳ ಮುಂದಾಳ್ತನದಲ್ಲಿ ಕೊಪ್ಪಳವೇ ಬಂದ್ ಆದುದನ್ನು ನಾವೆಲ್ಲ ಕಂಡೆವು. ಅವರು ಬೇಡವೇ ಬೇಡವೆಂದರು. ಅದೂ ಒಂದು ನಿಲುವೇ, ಸ್ಪಷ್ಟವಾದ ನಿಲುವು. ನಮ್ಮದು ಹೆಚ್ಚು ಸರಿಯೆಂದು ನಾವು ಇಂದು ಆಣೆಯಿಟ್ಟು ಹೇಳಲಾರೆವು. ಜಗದ್ಗುರು ಫ್ರಾನ್ಸಿಸರು 2015ರ ತಮ್ಮ ವಿಶ್ವಪತ್ರ 'ಲೌದಾತೊ ಸಿ'ಯಲ್ಲಿ, ಪರಿಸರದ ಮೇಲಿನ ಪರಿಣಾಮವನ್ನು ಯೋಜನೆಯ ಆರಂಭದಿಂದಲೇ ಪರಿಶೀಲಿಸಬೇಕು, ಸ್ಥಳೀಯ ಜನರಿಗೆ ಆ ಚರ್ಚೆಯಲ್ಲಿ ವಿಶೇಷ ಸ್ಥಾನವಿರಬೇಕು ಎಂದಿದ್ದಾರೆ. ವೈಜ್ಞಾನಿಕ ಪ್ರಶ್ನೆಗಳನ್ನು ಧರ್ಮಸಭೆ ತಾನೇ ತೀರ್ಮಾನಿಸ ಹೊರಡುವುದಿಲ್ಲವೆಂದೂ ಅಲ್ಲಿಯೇ ಇದೆ. ಗುರುವಾದವನು ಈ ಎರಡನೆಯ ಮಾತನ್ನು ಮರೆಯಬಾರದು.

ಇಂಗ್ಲಿಷಿನಲ್ಲಿ ಬರೆದರೆ ತೂಕ ಬರುತ್ತದೆಯೆಂಬ ಸಲಹೆಯೂ ಬಂದಿತ್ತು. ಸುಮಾರು ಒಂಬತ್ತನೆಯ ಶತಮಾನದ ಕವಿರಾಜಮಾರ್ಗವು ತಿರುಳ್ಗನ್ನಡದ ನಾಡಿನಲ್ಲಿ ನಮ್ಮ ಕೊಪಣವನ್ನು ಎಣಿಸಿದೆ. ಆ ಊರಿನ ಜನ ತಮ್ಮ ಉಸಿರಿನ ವಿಚಾರವನ್ನು ಅನ್ಯಭಾಷೆಯಲ್ಲಿ ಏಕೆ ಹೇಳಬೇಕು? ಕನ್ನಡದಲ್ಲೇ ಮೂರು ಹಾಳೆಗೆ ಇಳಿಸಿದೆವು. ಮೊದಲ ಐದು ಸಾಲಿನಲ್ಲೇ ಬೇಡಿಕೆ, ಬಳಿಕ ಕಾರಣಗಳು, ಕಂಪನಿಯ ಪರವಾದ ವಾದ ಮತ್ತು ಅದಕ್ಕೆ ಉತ್ತರ, ಕ್ಯಾಲೆಂಡರಿನ ನಕಲು. ಭೋಪಾಲ ಹೋಯಿತು. ಭೂಮಿತಾಯಿಯನ್ನು ಬಿಡಲು ಯುವಕನಿಗೆ ಬಹಳ ನೋವಾಯಿತು.

ಸಭೆಯ ದಿನ ಗದ್ದಲ ಸಾಕಷ್ಟಿತ್ತು. ಬಂದ ಆಕ್ಷೇಪಣೆಗಳನ್ನೆಲ್ಲ ದಾಖಲಿಸಿ, ಕಂಪನಿಯ ಉತ್ತರದೊಡನೆ ಮೇಲಕ್ಕೆ ಕಳುಹಿಸಬೇಕೆಂಬುದು ನಿಯಮ. ಆಡಿದ ಮಾತು ಗದ್ದಲದಲ್ಲಿ ಕಳೆದುಹೋಗಬಹುದು, ಬರೆದು ಕೊಟ್ಟದ್ದು ಕಡತದಲ್ಲಿರುತ್ತದೆ. ಯುವಕನು ಬೇಡಿಕೆಯ ಐದು ಸಾಲುಗಳನ್ನಷ್ಟೇ ಓದಿ ಪತ್ರವನ್ನು ಒಪ್ಪಿಸಿ ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದನು. ಆ ಮೊಹರಿನ ನಕಲು ಇಂದಿಗೂ ನಮ್ಮ ಕಚೇರಿಯ ಕಪಾಟಿನಲ್ಲಿ ಜ್ಞಾನಸ್ನಾನದ ದಾಖಲೆಗಳ ಪಕ್ಕದಲ್ಲಿದೆ. ಕೊನೆಯ ಹಾಳೆಯಲ್ಲಿ ತಾಯಿಯ ಸಹಿಯಿದೆ, ತಂದೆಯದಿಲ್ಲ. ಗುತ್ತಿಗೆಯವನಿಗೆ ಅದು ಸಾಧ್ಯವಿರಲಿಲ್ಲ. ಆದರೆ ಎರಡನೆಯ ಹಾಳೆಯಲ್ಲಿ, ಧೂಳು ಹಿಡಿಯುವ ಯಂತ್ರ ಎಂದು ಮಗ ಬರೆದ ಕಡೆ, ಒಂದು ಗೆರೆ ಎಳೆದು, ಬೇರೊಂದು ಕೈಬರಹದಲ್ಲಿ, ಇಎಸ್‌ಪಿ ಎಂದು ತಿದ್ದಿದೆ.