ಬಣ್ಣ ಹುಡುಕುವ ಬೆಳಕು

ಮದುವೆಗೆ ಮುನ್ನ ಮುಖದ ಕೂದಲನ್ನು ಲೇಸರ್‌ನಿಂದ ತೆಗೆಸಲು ಬೆಳ್ಳಾವಿಯಿಂದ ತುಮಕೂರಿಗೋ ಬೆಂಗಳೂರಿಗೋ ಹೊರಡುವ ಹೆಣ್ಣುಮಕ್ಕಳು ಒಂದು ಸಂಗತಿ ತಿಳಿದಿರಬೇಕು. ಕೂದಲಿನ ಮೆಲನಿನ್ ಎಂಬ ಕಪ್ಪು ವರ್ಣದ್ರವ್ಯ ಈ ಬೆಳಕನ್ನು ಹೀರಿ, ಬಿಸಿಯಾಗಿ, ಬುಡವನ್ನು ಸುಡುತ್ತದೆ. ನಮ್ಮ ಗೋಧಿ, ಕಪ್ಪು ಮೈಬಣ್ಣದಲ್ಲೂ ಅದೇ ಮೆಲನಿನ್ ಇದೆಯಲ್ಲ! ಚರ್ಮ ಸುಡುವುದು ಹೀಗೆ. ಆದ್ದರಿಂದಲೇ ನಮ್ಮಂಥವರಿಗೆ ಆಳಕ್ಕಿಳಿಯುವ, 1064 ನ್ಯಾನೋಮೀಟರ್ ತರಂಗಾಂತರದ ಎನ್‌ಡಿ-ಯಾಗ್ ಲೇಸರ್ ಹೆಚ್ಚು ಸುರಕ್ಷಿತ. ಯಾವ ಯಂತ್ರ, ನಡೆಸುವವರು ಯಾರು ಎಂದು ಕೇಳಲು ಸಂಕೋಚ ಬೇಡ.

ಸುಟ್ಟರೆ ತಕ್ಷಣ 20 ನಿಮಿಷ ತಣ್ಣೀರು ಹರಿಯಬಿಡಿ. ಮಂಜುಗಡ್ಡೆ, ಟೂತ್‌ಪೇಸ್ಟ್ ಬೇಡವೇ ಬೇಡ. ಬೊಬ್ಬೆ ಒಡೆಯದೆ ಚರ್ಮವೈದ್ಯರಿಗೆ ತೋರಿಸಿ. ಮೇಲ್ಪದರದ ಗಾಯ ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಮಾಯುತ್ತದೆ. ಕಪ್ಪು ಕಲೆ ತಿಂಗಳುಗಟ್ಟಲೆ ಉಳಿಯಬಹುದು. ಬಿಸಿಲು ಅದನ್ನು ಇನ್ನಷ್ಟು ಗಾಢವಾಗಿಸುತ್ತದೆ; ಹೊಲಕ್ಕೆ ಹೋಗುವಾಗ ಸೆರಗು, ಕೊಡೆ ಇರಲಿ. ಅಂಗಡಿಯ ‘ಬಿಳುಪು’ ಕ್ರೀಮುಗಳಲ್ಲಿ ಸ್ಟೀರಾಯ್ಡ್ ಬೆರೆತಿರುವುದುಂಟು. ವೈದ್ಯರು ಹೇಳದೆ ಹಚ್ಚಬೇಡಿ.